ಮೋರ್ಯರ ಮನೆಗಳನ್ನು ಕಂಡುಬಂದು

ಸಿದ್ದಾಪುರ, ಗಂಗಾವತಿ ಸೀಮೆ

ತೀರ್ಥರೂಪ ತಂದೆಯವರಿಗೆ,

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಕಣ್ಣು ಹಾಯುವಷ್ಟು ದೂರ ಹಸುರಾಗಿರುವ ಈ ಭತ್ತದ ಸೀಮೆಯಲ್ಲಿ ನೋಡತಕ್ಕದ್ದೇನಿದೆಯೆಂದು ಹೊರಡುವಾಗ ತಾವು ಕೇಳಿದ್ದಿರಿ. ನಿನ್ನೆ ಉತ್ತರ ದೊರೆಯಿತು. ಗಂಗಾವತಿಗೆ ಪಶ್ಚಿಮದಲ್ಲಿ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ಲಿನ ಬೆಟ್ಟವನ್ನು, ಬಂಡೆಯಿಂದ ಬಂಡೆಗೆ ಕಾಲಿಡುತ್ತ, ಮುಳ್ಳುಕಂಟಿಗೆ ಅಂಗಿಯ ತೋಳನ್ನು ಸುಂಕವಾಗಿ ತೆರುತ್ತ ಏರಿ ನಿಂತಾಗ, ಎದುರಿಗೆ ಒಂದು ಊರೇ ಇದ್ದಿತು; ಊರಿಗೆ ಒಕ್ಕಲು ಮಾತ್ರ ಇರಲಿಲ್ಲ.

ಸುತ್ತ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸಿದ ಶಿಲಾಗೃಹಗಳು ಅವು. ಗಾರೆಯಿಲ್ಲ, ಒಂದರ ಭಾರಕ್ಕೆ ಮತ್ತೊಂದು ಹೆಗಲು ಕೊಟ್ಟಿದೆ. ನಮ್ಮ ಪಡಸಾಲೆಯ ಹಾಸುಗಲ್ಲು ಅರ್ಧ ಅಂಗುಲ ಕುಸಿಯಿತೆಂದು ಒಡ್ಡರೊಡನೆ ವಾರವಿಡೀ ವಾದಿಸಿದ ತಾವು ಇಲ್ಲಿದ್ದರೆ ಮೌನವಾಗುತ್ತಿದ್ದಿರಿ. ಕೆಲವಕ್ಕೆ ಮುಂಗಲ್ಲಿನಲ್ಲಿ ದುಂಡನೆಯ ಕಿಂಡಿ. ಅದರಲ್ಲಿ ತಲೆ ತೂರಿಸಿ ನೋಡಿದೆ: ಒಣಮಣ್ಣು, ಆಡಿನ ಹಿಕ್ಕೆ, ಒಂದು ಹಾವಿನ ಪೊರೆ.

ಇವು ಬಾಳಿದವರ ಮನೆಗಳಲ್ಲ, ಅಳಿದವರ ಸ್ಮಾರಕಗಳು. ಕ್ರಿಸ್ತಪೂರ್ವ 800ರಿಂದ 200ರ ನಡುವಣವೆಂದು ವಿದ್ವಾಂಸರ ಮತ. ಗುಡ್ಡದ ಮೇಲೆ ಇಂಥ ಸುಮಾರು 400 ರಚನೆಗಳಿವೆ. ಸುರಪುರದ ಆಡಳಿತ ನಡೆಸಿದ ಮೆಡೋಸ್ ಟೇಲರನು 1835ರಷ್ಟು ಹಿಂದೆಯೇ ಇವನ್ನು ಕಂಡಿದ್ದನು. ಊರವರು ಮಾತ್ರ ಇದನ್ನು ಮೋರ್ಯರ ಗುಡ್ಡವೆನ್ನುತ್ತಾರೆ: ಮೋರ್ಯರು ಗಿಡ್ಡದೇಹಿಗಳಂತೆ, ಬೆಂಕಿಯ ಮಳೆ ಸುರಿದೀತೆಂದು ಕಲ್ಲಿನ ಮನೆ ಕಟ್ಟಿಕೊಂಡು ಅದರೊಳಗೇ ಮಡಿದರಂತೆ. ಆ ಕಿಂಡಿಯನ್ನು ಕಂಡವರಿಗೆ ಈ ಕಥೆ ವಿದ್ವಾಂಸರ ಕಾಲಗಣನೆಗಿಂತ ಬೇಗ ನಂಬಿಕೆಯಾಗುತ್ತದೆ.

ಚಪ್ಪಡಿ ಎಬ್ಬಿಸಿದ ಕ್ವಾರಿಯೇ ಈಗ ಕೊಳವಾಗಿದೆ. ಎತ್ತರದಲ್ಲಿ ನಗಾರಿಯಾಕಾರದ ಬಂಡೆಯೊಂದಿದೆ. ಕುರಿಗಾಹಿ ಹುಡುಗನೊಬ್ಬ ಸಣ್ಣ ಕಲ್ಲಿನಿಂದ ಮೆಲ್ಲನೆ ತಟ್ಟಿದನು, ಢಣ್ಣೆಂಬ ನಾದ ಕಣಿವೆಗಿಳಿಯಿತು.

ಈ ತಾಣವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ; 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ಗಾಜಿನ ಪೆಟ್ಟಿಗೆಯಿಲ್ಲದ ಈ ವಸ್ತುಸಂಗ್ರಹಾಲಯವನ್ನು ಇಷ್ಟು ದಿನ ಕಾದದ್ದು ಏರುವ ದಾರಿಯ ಕಷ್ಟವೇ ಎಂದು ನನ್ನ ಎಣಿಕೆ. ಮೇಲಿನವರೆಗೂ ಕಾರು ಹೋಗುವ ರಸ್ತೆಯಾಗದಿರಲಿ.

ತಮ್ಮನು ಬರುವುದಾದರೆ ಬೂಟು ಹಾಕಿಕೊಂಡು, ಕುಡಿಯುವ ನೀರು ಹೊತ್ತುಕೊಂಡು, ಹೊತ್ತು ಮೂಡುವ ಮುನ್ನವೇ ಏರತೊಡಗಲಿ. ಬಿಸಿಲೇರಿದ ಮೇಲೆ ಅಲ್ಲಿ ನೆರಳಿರುವುದು ಮೋರ್ಯರ ಮನೆಗಳಲ್ಲಿ ಮಾತ್ರ.

ಇತಿ ತಮ್ಮ ಆಜ್ಞಾಧಾರಕ ಪುತ್ರ