ಆಟದ ಯಂತ್ರವೂ ಕಡಲೆಕಾಯಿಯ ಹಣವೂ

ಉಡುಪುಗಳಲ್ಲಿ ಸಿದ್ಧ ಉಡುಪು, ಅಳತೆ ಕೊಟ್ಟು ಹೊಲಿಸಿದ ಉಡುಪು ಎಂದು ಎರಡು ಬಗೆಯಿರುವಂತೆ ಕಂಪ್ಯೂಟರುಗಳಲ್ಲಿಯೂ ಎರಡು ಬಗೆಗಳುಂಟು. ಮೊದಲನೆಯದನ್ನು ಅಂಗಡಿಯಿಂದ ಪೆಟ್ಟಿಗೆಯ ಸಮೇತ ಎತ್ತಿಕೊಂಡು ಬರಬಹುದು. ಎರಡನೆಯದರ ಅಂಗಾಂಗಗಳನ್ನು ಒಂದೊಂದಾಗಿ ಆರಿಸಿ, ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಿ, ಜೋಡಿಸಿ ನಿಲ್ಲಿಸಬೇಕು. ಮೊದಲನೆಯದಕ್ಕೆ ಹಣವೊಂದಿದ್ದರೆ ಸಾಕು; ಎರಡನೆಯದಕ್ಕೆ ಹಣದ ಜೊತೆಗೆ ವಿವೇಕವೂ ಬೇಕು. ಹಣ ಕಡಿಮೆಯಾದಷ್ಟೂ ವಿವೇಕ ಹೆಚ್ಚು ಬೇಕಾಗುತ್ತದೆ. ಈ ಸಂಗತಿಯನ್ನು ನಾನು ಕಂಡುಕೊಂಡದ್ದು ಹರಿಯಬ್ಬೆಯಲ್ಲಿರುವ ನನ್ನ ತಂಗಿಯ ಮಗನಿಗೆ ಆಟದ ಕಂಪ್ಯೂಟರೊಂದನ್ನು ಕಟ್ಟಿಸಿಕೊಡಲು ಹೊರಟಾಗ.

ಹರಿಯಬ್ಬೆ ಹಿರಿಯೂರು ತಾಲ್ಲೂಕಿನಲ್ಲಿ ಧರ್ಮಪುರದ ಕಡೆಗಿರುವ ಊರು. ಮುಗಿಲನ್ನು ನಂಬಿ ಕಡಲೆಕಾಯಿ ಬಿತ್ತುವ, ಮುಗಿಲು ಕೈಬಿಟ್ಟರೆ ಕೊಳವೆಬಾವಿಯತ್ತ ನೋಡುವ ಸೀಮೆ ಅದು. 2022ನೆಯ ವರ್ಷವನ್ನು ಆ ಕಡೆಯವರು ಬೇಗನೆ ಮರೆಯಲಾರರು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರವು ಎಂಬತ್ತೊಂಬತ್ತು ವರ್ಷಗಳ ತರುವಾಯ ಆ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಹರಿಯಿತು. ಭಾವನವರ ಹೊಲದ ಕಡಲೆಕಾಯಿಯೂ ಕೈಗೆ ಹತ್ತಿತು. ಪಿ.ಯು. ಪರೀಕ್ಷೆಯನ್ನು ಮುಗಿಸಿ ಹಿರಿಯೂರಿನ ಕಾಲೇಜಿಗೆ ಸೇರಿದ್ದ ಮಗನಿಗೆ ಒಂದು ಕಂಪ್ಯೂಟರು ಕೊಡಿಸುವುದೆಂದು ತೀರ್ಮಾನವಾಗಿ, ಅದಕ್ಕೆಂದು ನಲವತ್ತೈದು ಸಾವಿರ ರೂಪಾಯಿಗಳನ್ನು ತೆಗೆದಿಟ್ಟರು. ಅದರ ಮೇಲೆ ಒಂದು ಕಾಸೂ ಇಲ್ಲವೆಂಬ ಎಚ್ಚರಿಕೆಯೂ ಜೊತೆಗೇ ಬಂದಿತು.

ಯಂತ್ರ ಏತಕ್ಕೆಂದು ಕೇಳಿದಾಗ ಹುಡುಗ ತಂದೆಯ ಮುಂದೆ ‘ಓದಿಗೆ’ ಎಂದಿದ್ದನು. ನನಗೆ ತೋರಿಸಿದ ಪಟ್ಟಿಯಾದರೋ ಬೇರೆಯೇ ಕಥೆಯನ್ನು ಹೇಳುತ್ತಿದ್ದಿತು. ಲೆಕ್ಕಶಾಸ್ತ್ರ ಓದುವವನಿಗೆ ಎಂಟು ಜಿ.ಬಿ. ಸ್ಮೃತಿಯುಳ್ಳ ಗ್ರಾಫಿಕ್ಸ್ ಕಾರ್ಡು ಏತಕ್ಕೆ? ನಾನು ಅವನಿಗೆ ಒಂದೇ ಷರತ್ತು ಹಾಕಿದೆ: ‘ಬೇಕಾಗಿರುವುದು ಆಟಕ್ಕೆ ಎಂದು ಅಪ್ಪನಿಗೆ ಹೇಳು, ಆಮೇಲೆ ಪಟ್ಟಿ ನೋಡೋಣ.’ ಅವನು ಹೇಳಿದನು. ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಯೌವನದಲ್ಲಿ ಅವರು ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕಾಗಿ ಕೈಯಿಂದ ಹಣ ತೆತ್ತವರು. ಹಾರ್ಮೋನಿಯಂ ಮೇಷ್ಟರ ಸಂಬಳಕ್ಕೂ ಬಾಡಿಗೆಯ ಕಿರೀಟಕ್ಕೂ ತಮ್ಮ ಪಾಲು ಕೊಟ್ಟವರು. ನಮ್ಮ ಸೀಮೆಯಲ್ಲಿ ಬಯಲಾಟವೂ ಆಟವೇ ಅಲ್ಲವೆ? ‘ಆಟಕ್ಕೆ ಎಂದು ಮೊದಲೇ ಹೇಳಿದ್ದರೆ ಆಗುತ್ತಿತ್ತು,’ ಎಂದಷ್ಟೇ ಹೇಳಿ ಎದ್ದು ಹೋದರು. ಹಣವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನು ಆ ಪಟ್ಟಿಯ ವಿಚಾರ. ಹಣದ ಅರ್ಧಕ್ಕಿಂತ ಹೆಚ್ಚನ್ನು ಗ್ರಾಫಿಕ್ಸ್ ಕಾರ್ಡೊಂದೇ ನುಂಗಿತ್ತು. ಉಳಿದ ಅಂಗಗಳೆಲ್ಲ ಆ ಮಹಾರಾಜನ ಊಳಿಗದವರಂತೆ ಮೂಲೆಯಲ್ಲಿ ಮುದುರಿ ನಿಂತಿದ್ದವು. ಸ್ಮೃತಿಗೆ ಎಂಟು ಜಿ.ಬಿ.ಯ ಒಂದೇ ಒಂದು ಪಟ್ಟಿ, ತೆರೆಗೆ ಬದಲಾಗಿ ಮನೆಯ ಹಳೆಯ ಟೆಲಿವಿಷನ್ನು, ಯು.ಪಿ.ಎಸ್. ಇಲ್ಲವೇ ಇಲ್ಲ, ಎಲ್ಲಕ್ಕೂ ಅನ್ನವಿಕ್ಕಬೇಕಾದ ಪವರ್ ಸಪ್ಲೈಗೆ ಹನ್ನೆರಡು ನೂರು ರೂಪಾಯಿ. ಆ ಕಾರ್ಡು ದುಬಾರಿಯಾದರೆ ಇನ್ನೊಂದು ಉಪಾಯವನ್ನೂ ಅವನು ಹೂಡಿದ್ದನು. 2022ರ ಸೆಪ್ಟೆಂಬರ್ 15ರಂದು ಈಥರಿಯಂ ಎಂಬ ಗುಪ್ತನಾಣ್ಯದ ವ್ಯವಸ್ಥೆ ಬದಲಾಗಿ, ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ‘ಅಗೆಯುವ’ ಉದ್ಯೋಗ ನಿಂತುಹೋಯಿತು. ಅಲ್ಲಿಯವರೆಗೆ ಹಗಲಿರುಳೂ ದುಡಿದಿದ್ದ ಕಾರ್ಡುಗಳು ಲೋಕದ ಮಾರುಕಟ್ಟೆಗಳಿಗೆಲ್ಲ ಅಗ್ಗದಲ್ಲಿ ಬಂದು ಬಿದ್ದವು. ಅವೆಲ್ಲವೂ ಕೆಟ್ಟವೆಂದು ಹೇಳಲಾಗದು. ಆದರೆ ಗಾಣಕ್ಕೆ ಕಟ್ಟಿ ಸವೆದ ಎತ್ತನ್ನು ಹೊಲಕ್ಕೆಂದು ಕೊಳ್ಳುವವನು ಅದರ ಗೊರಸನ್ನು ಎತ್ತಿ ನೋಡುತ್ತಾನೆ. ಇಲ್ಲಿ ನೋಡಲು ಗೊರಸೂ ಇಲ್ಲ, ಬಹುತೇಕ ವಾರಂಟಿಯೂ ಇಲ್ಲ. ಆ ಸಾಲನ್ನು ಹೊಡೆದುಹಾಕಿದೆವು.

ಪಟ್ಟಣದ ಹುಡುಗನ ಪಟ್ಟಿಯನ್ನು ಹಳ್ಳಿಯ ಹುಡುಗ ಹಾಗೆಯೇ ನಕಲು ಮಾಡಬಾರದೆಂಬುದಕ್ಕೆ ಮುಖ್ಯ ಕಾರಣ ವಿದ್ಯುತ್ತು. ಸಂಜೆಯ ಹೊತ್ತು ಹತ್ತಾರು ಕೊಳವೆಬಾವಿಗಳ ಮೋಟಾರುಗಳು ಒಟ್ಟಿಗೆ ಹೊರಟಾಗ ಮನೆಯ ದೀಪ ಕುಗ್ಗುವುದನ್ನೂ, ಅವು ನಿಂತೊಡನೆ ಮಿನುಗಿ ಮೇಲೇಳುವುದನ್ನೂ ಹಳ್ಳಿಯಲ್ಲಿ ಇದ್ದವರೆಲ್ಲ ಬಲ್ಲರು. ಗಾಳಿಮಳೆ ಬಂದರಂತೂ ಹೇಳಬೇಕಾದದ್ದೇ ಇಲ್ಲ. ಪವರ್ ಸಪ್ಲೈ ಎಂಬ ತಗಡಿನ ಪೆಟ್ಟಿಗೆಯ ಕೆಲಸವೆಂದರೆ ಗೋಡೆಯಿಂದ ಬರುವ 230 ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಇಳಿಸಿ, ಅಲುಗದಂತೆ ಒಳಗಿನ ಅಂಗಗಳಿಗೆ ಹಂಚುವುದು. ಒಳ್ಳೆಯದಾದರೆ ಹೊರಗಿನ ಏರಿಳಿತವನ್ನು ತಾನು ನುಂಗಿಕೊಳ್ಳುತ್ತದೆ. ಮಿತಿ ಮೀರಿದರೆ ತಾನಾಗಿ ನಿಂತು ಉಳಿದವನ್ನು ಕಾಯುತ್ತದೆ. ತೀರ ಅಗ್ಗದ್ದಾದರೆ, ಮೇಲೆ ಅಂಟಿಸಿದ ಚೀಟಿಯಲ್ಲಿ 500 ವಾಟ್ ಎಂದಿದ್ದರೂ ಅಷ್ಟನ್ನು ಹೊರಲಾರದು. ಸುಟ್ಟುಹೋಗುವಾಗ ಪ್ರೊಸೆಸರನ್ನೋ ಮದರ್‌ಬೋರ್ಡನ್ನೋ ಜೊತೆಗೆ ಕರೆದುಕೊಂಡು ಹೋಗುವುದೂ ಉಂಟು. ಹನ್ನೆರಡು ನೂರು ರೂಪಾಯಿಯ ಕಾವಲುಗಾರನ ಕೈಗೆ ನಲವತ್ತು ಸಾವಿರದ ಮನೆಯನ್ನು ಒಪ್ಪಿಸುವುದು ಉಳಿತಾಯವಲ್ಲ.

‘ಹಾಗಾದರೆ ಕಾರ್ಡು?’ ಎಂದನು ಹುಡುಗ. ಅವನ ಮುಖ ಬಾಡಿತ್ತು. ಸಂಕಟ ನಿಜವಾಗಿಯೂ ಇದ್ದದ್ದು ಅಲ್ಲಿಯೇ. ಒಳ್ಳೆಯ ಪವರ್ ಸಪ್ಲೈ, ಯು.ಪಿ.ಎಸ್., ತೆರೆ ಇವೆಲ್ಲವನ್ನೂ ಕೊಂಡರೆ ಕಾರ್ಡಿಗೆ ಹಣ ಉಳಿಯುವುದಿಲ್ಲ; ಕಾರ್ಡನ್ನು ಕೊಂಡರೆ ಇವು ಉಳಿಯುವುದಿಲ್ಲ. ನಮಗೆ ದಾರಿ ತೋರಿದ್ದು ಚಿತ್ರಶಕ್ತಿಯನ್ನು ತನ್ನೊಳಗೇ ಇಟ್ಟುಕೊಂಡ ಪ್ರೊಸೆಸರು. ಎ.ಎಂ.ಡಿ. ಕಂಪನಿಯ ರೈಜೆನ್ 5 5600ಜಿ ಎಂಬುದು 2021ರಲ್ಲಿ ಬಿಡಿಯಾಗಿ ಅಂಗಡಿಗೆ ಬಂದದ್ದು. ಅದಕ್ಕೆ ಪ್ರತ್ಯೇಕ ಕಾರ್ಡು ಇಲ್ಲದೆಯೂ ತೆರೆಯ ಮೇಲೆ ಚಿತ್ರ ಮೂಡಿಸಬಲ್ಲ ಸಾಮರ್ಥ್ಯವುಂಟು. ಹುಡುಗನ ಗೆಳೆಯರೆಲ್ಲ ಆಡುತ್ತಿದ್ದ ವ್ಯಾಲರಂಟ್‌ನಂಥ ಹಗುರವಾದ ಆಟಗಳು ಅದರಲ್ಲಿ ಸರಾಗವಾಗಿ ಓಡುತ್ತವೆ. ಭಾರಿ ಆಟಗಳಿಗೆ ಚಿತ್ರದ ಸೊಗಸನ್ನು ತಗ್ಗಿಸಿಕೊಳ್ಳಬೇಕು. ಅದಕ್ಕೂ ಒಂದು ಬೆಲೆಯುಂಟೆನ್ನಿ. ಅದೇ ಬಳಗದ 5600ರಲ್ಲಿ 32 ಎಂ.ಬಿ. ಇರುವ ಒಳಸ್ಮೃತಿ 5600ಜಿಯಲ್ಲಿ 16 ಎಂ.ಬಿ. ಮಾತ್ರ, ಮುಂದೆ ಕಾರ್ಡು ಹಾಕಿದಾಗ ಒಂದಿಷ್ಟು ವೇಗ ಸೋರುತ್ತದೆ. ಆದರೆ ಆ ಸೋರಿಕೆಗೆ ಪ್ರತಿಯಾಗಿ ದೊರೆಯುವುದು ಕಾಯುವ ಸ್ವಾತಂತ್ರ್ಯ.

ಸ್ಮೃತಿಯ ವಿಷಯದಲ್ಲಿಯೂ ಒಂದು ತಿದ್ದುಪಡಿ ಆಯಿತು. ಚಿತ್ರಶಕ್ತಿ ಪ್ರೊಸೆಸರಿನ ಒಳಗೇ ಇದ್ದರೆ ಅದಕ್ಕೆ ಸ್ವಂತ ಸ್ಮೃತಿಯಿಲ್ಲ. ಯಂತ್ರದ ಸಾಮಾನ್ಯ ಸ್ಮೃತಿಯಿಂದಲೇ ಕಡ ಪಡೆಯಬೇಕು. ಆದ್ದರಿಂದ ಹದಿನಾರು ಜಿ.ಬಿ.ಯ ಒಂದು ಪಟ್ಟಿಗಿಂತ ಎಂಟೆಂಟು ಜಿ.ಬಿ.ಯ ಎರಡು ಪಟ್ಟಿಗಳು ಲೇಸು. ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮಾಹಿತಿ ಹರಿದು ಆಟದ ಓಟ ಎದ್ದುಕಾಣುವಂತೆ ಚುರುಕಾಗುತ್ತದೆ. ಇದನ್ನು ನಾನು ವಿವರಿಸತೊಡಗಿದಾಗ ಭಾವನವರು ನಡುವೆ ಬಾಯಿ ಹಾಕಿ, ‘ಜೋಡೆತ್ತು ಅನ್ನಿ,’ ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಡಿಸೆಂಬರಿನ ಒಂದು ಬೆಳಗ್ಗೆ ತಂದೆ-ಮಗ ಇಬ್ಬರೂ ಹಿರಿಯೂರಿನಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದರು. ಎಸ್.ಪಿ. ರಸ್ತೆಯೆಂದೇ ಎಲ್ಲರೂ ಕರೆಯುವ ಸಾದರ್ ಪತ್ರಪ್ಪ ರಸ್ತೆಯನ್ನು ಕಾಣದ ಓದುಗರು ಅದನ್ನೊಮ್ಮೆ ನೋಡತಕ್ಕದ್ದು. ಪುರಭವನದಿಂದ ನಡೆದು ಹೋಗುವಷ್ಟು ಹತ್ತಿರ; ಇಕ್ಕಟ್ಟಾದ ಬೀದಿ; ಇಕ್ಕೆಲಗಳಲ್ಲಿ ತಂತಿ, ಪಂಪು, ಬಿಡಿಭಾಗ, ಕಂಪ್ಯೂಟರು; ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಮತ್ತಷ್ಟು ಅಂಗಡಿಗಳು. ಭಾವನವರು ಘಾಟಿಯ ದನಗಳ ಜಾತ್ರೆಗೆ ಬಂದವರಂತೆ ಕೈ ಹಿಂದೆ ಕಟ್ಟಿಕೊಂಡು, ಮೊದಲನೆಯ ಅಂಗಡಿಯಲ್ಲಿ ಏನನ್ನೂ ಕೊಳ್ಳದೆ, ನಾಲ್ಕು ಅಂಗಡಿಗಳಲ್ಲಿ ಬೆಲೆ ಬರೆಸಿಕೊಂಡು, ಐದನೆಯದರಲ್ಲಿ ಕುಳಿತರು. ಅಂಗಡಿಯಾತ ಆ ಸೆಪ್ಟೆಂಬರಿನಲ್ಲಷ್ಟೇ ಬಂದಿದ್ದ ಹೊಸ ಪೀಳಿಗೆಯ ಪ್ರೊಸೆಸರನ್ನು ಮುಂದಿಟ್ಟನು. ಪ್ರೊಸೆಸರು ಚೆನ್ನವೇ, ಆದರೆ ಅದಕ್ಕೆ ಬೇಕಾದ ಮದರ್‌ಬೋರ್ಡೂ ಡಿ.ಡಿ.ಆರ್. 5 ಸ್ಮೃತಿಯೂ ಆಗ ನಮ್ಮ ಅಳವಿಗೆ ಮೀರಿದ್ದವು. ‘ಹೊಸ ನಾಟಿ ಬೇಡ, ಪಳಗಿದ್ದು ಕೊಡಿ,’ ಎಂದರು ಭಾವನವರು.

ಕಡೆಗೆ ಆದ ಲೆಕ್ಕ ಇದು: ಪ್ರೊಸೆಸರಿಗೆ 11,500 ರೂಪಾಯಿ, ಬಿ 450 ಮಾದರಿಯ ಮದರ್‌ಬೋರ್ಡಿಗೆ 6,500, ಜೋಡಿ ಸ್ಮೃತಿಪಟ್ಟಿಗಳಿಗೆ 4,000, 500 ಜಿ.ಬಿ.ಯ ಎಸ್.ಎಸ್.ಡಿ.ಗೆ 3,300, 550 ವಾಟಿನ ಒಳ್ಳೆಯ ಪವರ್ ಸಪ್ಲೈಗೆ 4,300, ಗಾಳಿಯಾಡುವ, ಮುಂದೆ ಧೂಳಿನ ಜಾಲರಿಯಿರುವ ಕ್ಯಾಬಿನೆಟ್ಟಿಗೆ 2,900, ಯು.ಪಿ.ಎಸ್.ಗೆ 2,800, ಕೀಲಿಮಣೆ ಮತ್ತು ಮೌಸಿಗೆ 900, ತೆರೆಗೆ 8,000. ಒಟ್ಟು 44,200. ಉಳಿದ ಎಂಟುನೂರು ಬಸ್ಸಿಗೂ ಊಟಕ್ಕೂ ಆಯಿತು. ವಿದ್ಯುತ್ತಿನ ಕಾವಲಿಗೇ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಹೋದದ್ದನ್ನು ಓದುಗರು ಗಮನಿಸಬಹುದು. ಯಂತ್ರ ಆಗ ಉಣ್ಣುತ್ತಿದ್ದುದು ಇನ್ನೂರು ವಾಟಿಗಿಂತಲೂ ಕಡಿಮೆ. 550 ವಾಟಿನದನ್ನು ಕೊಂಡದ್ದು ಮುಂದೆ ಬರಲಿದ್ದ ಕಾರ್ಡಿಗಾಗಿ. ಮೊದಲೇ ತಯಾರಾದ ಬೋರ್ಡು ಆಮೇಲೆ ಬಂದ ಪ್ರೊಸೆಸರನ್ನು ಗುರುತಿಸುವಂತೆ ಅದರ ಒಳತಂತ್ರಾಂಶವನ್ನು ಅಂಗಡಿಯಲ್ಲಿಯೇ ಹೊಸದು ಮಾಡಿಸಿ, ಪ್ರತಿಯೊಂದಕ್ಕೂ ಬಿಲ್ಲು ಬರೆಸಿಕೊಂಡೆವು. ಬಿಲ್ಲಿಲ್ಲದೆ ಕೊಟ್ಟರೆ ಕೆಲವು ನೂರು ಕಡಿಮೆಯಾಗುತ್ತದೆಂಬ ಪ್ರಲೋಭನೆ ಆ ಬೀದಿಯಲ್ಲಿ ಯಾರಿಗೂ ತಪ್ಪಿದ್ದಲ್ಲ. ಆದರೆ ಮೂರು ವರ್ಷದ ವಾರಂಟಿ ನಿಂತಿರುವುದು ಆ ಕಾಗದದ ಮೇಲೆ.

ಹುಡುಗ ಹರಿಯಬ್ಬೆಯ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ತಾನೇ ಯಂತ್ರವನ್ನು ಜೋಡಿಸಿದನು. ಕಾರ್ಡಿನ ಜಾಗ ಖಾಲಿಯಾಗಿ ಉಳಿಯಿತು. ‘ಬರುವ ವರ್ಷದ ಕಡಲೆಕಾಯಿಗೆ,’ ಎಂದು ಮಾತಾಯಿತು.

ಬರುವ ವರ್ಷವೆಂದರೆ 2023. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ವರ್ಷ ಅದು. ಭಾವನವರಿಗೆ ಬಿತ್ತನೆಯ ಬೀಜದ ಹಣವೂ ಹಿಂದಿರುಗಲಿಲ್ಲ. ಆ ಮನೆಯಲ್ಲಿ ಯಾರೂ ಕಾರ್ಡಿನ ಮಾತೆತ್ತಲಿಲ್ಲ. ಹುಡುಗನಂತೂ ಎತ್ತಲೇ ಇಲ್ಲ. ಕಾರ್ಡನ್ನು ಕಂತಿನ ಮೇಲೆ ಕೊಂಡಿದ್ದರೆ ಆ ವರ್ಷ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ನನಗೆ ಕಳವಳವಾಗುತ್ತದೆ. ಯಂತ್ರವಾದರೋ ನಡೆಯುತ್ತಲೇ ಇತ್ತು. ರಾತ್ರಿ ಒಂದು ಗಂಟೆ ಆಟ, ಹಗಲು ಪಾಠ. 2024ರ ಆರಂಭದಲ್ಲಿ ಬರ ಪರಿಹಾರದ ಮೊದಲ ಕಂತಾಗಿ ಎರಡು ಸಾವಿರ ರೂಪಾಯಿಗಳವರೆಗೆ ರೈತರ ಖಾತೆಗೆ ಸೇರತೊಡಗಿದಾಗ, ತಮ್ಮದು ಬಂದಿತೇ ಎಂದು ನೋಡಿಸಲು ನೆರೆಯವರು ಅದೇ ತೆರೆಯ ಮುಂದೆ ಬಂದು ನಿಂತರು. ಇದನ್ನು ಆಟದ ಸಮರ್ಥನೆಗೆಂದು ನಾನು ಹೇಳುತ್ತಿಲ್ಲ. ಯಂತ್ರವನ್ನು ಕೊಂಡದ್ದು ಆಟಕ್ಕೇ. ಆಟಕ್ಕೆ ಸಮರ್ಥನೆ ಬೇಕಾಗಿಲ್ಲ. ಬೆಳೆ ಹೋದ ವರ್ಷದಲ್ಲಿ ಹತ್ತೊಂಬತ್ತರ ಹುಡುಗನಿಗೆ ದಿನಕ್ಕೊಂದು ಗಂಟೆ ಗೆಳೆಯರೊಡನೆ ನಗುವ ಅವಕಾಶ ಸಣ್ಣದೇನೂ ಅಲ್ಲ.

2024ರಲ್ಲಿ ಮಳೆ ಮರಳಿತು. ಆ ವರ್ಷದ ಕೊನೆಗೆ, ಎರಡು ವರ್ಷ ಖಾಲಿಯಿದ್ದ ಜಾಗದಲ್ಲಿ ರೇಡಿಯಾನ್ ಆರ್.ಎಕ್ಸ್. 6600 ಬಂದು ಕುಳಿತಿತು. ಎಂಟು ಜಿ.ಬಿ. ಸ್ಮೃತಿ, ಉಣ್ಣುವುದು 132 ವಾಟು, ಪವರ್ ಸಪ್ಲೈ ಬದಲಿಸುವ ಗೋಜೇ ಇಲ್ಲ. 2021ರಲ್ಲಿ ಹೊರಬಂದಾಗ ಬೇಡಿಕೆಯ ಬಿಸಿಯಲ್ಲಿ ಕೈಗೆಟುಕದಿದ್ದ ಕಾರ್ಡು ಅದು. ಕಾದವನಿಗೆ ಇಪ್ಪತ್ತು ಸಾವಿರದ ಆಸುಪಾಸಿಗೆ ದೊರೆಯಿತು. ಕಾಯುವುದೆಲ್ಲ ಲಾಭವೇ ಎಂದು ಇದರಿಂದ ತಿಳಿಯಬಾರದು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಲೋಕದ ಸ್ಮೃತಿಯನ್ನೆಲ್ಲ ಬಾಚಿಕೊಳ್ಳತೊಡಗಿ, ಸ್ಮೃತಿಪಟ್ಟಿಗಳ ಬೆಲೆ ಹಲವು ಮಡಿ ಏರಿತು. ಆ ಹೊತ್ತಿಗೆ ಜೋಡೆತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಕೊಂಡಿದ್ದವರು ಉಳಿದುಕೊಂಡರು. ಯಾವುದನ್ನು ಇಂದೇ ಕೊಳ್ಳಬೇಕು, ಯಾವುದಕ್ಕೆ ಕಾಯಬಹುದು ಎಂಬುದೇ ಇಲ್ಲಿನ ವಿದ್ಯೆ.

ನಮ್ಮ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟಿದವರು ತಾರಸಿಯ ಮೇಲೆ ಕಂಬದ ಕಬ್ಬಿಣದ ಸರಳುಗಳನ್ನು ಕತ್ತರಿಸದೆ ಹಾಗೆಯೇ ನಿಲ್ಲಿಸಿರುತ್ತಾರೆ. ಪಟ್ಟಣದವರಿಗೆ ಅದು ಅರೆಬರೆ ಕೆಲಸವಾಗಿ ಕಾಣುತ್ತದೆ. ಮಾಳಿಗೆ ಏಳುವುದು ಮಗನ ಕೆಲಸ ಸಿಕ್ಕಾಗಲೋ, ಎರಡು ಒಳ್ಳೆಯ ಮಳೆಗಾಲಗಳು ಕೂಡಿಬಂದಾಗಲೋ. ತಳಪಾಯ ಮಾತ್ರ ಎರಡು ಅಂತಸ್ತಿನ ಭಾರಕ್ಕೇ ಹಾಕಿದ್ದು. ಕೈಯಲ್ಲಿ ಹಣ ಕಡಿಮೆಯಿರುವಾಗ ಆರಿಸುವ ಕೆಲಸವೂ ಅಂಥದೇ: ಆಸೆಯನ್ನು ಕೊಲ್ಲಬೇಕಾಗಿಲ್ಲ, ಅದಕ್ಕೆ ಸರದಿ ಹೇಳಿ ಕೂರಿಸಿದರೆ ಸಾಕು.