ದೈಮೋನ್: ಒಂದು ಶಬ್ದದ ಏಳುಬೀಳು

ಪ್ರಾಚೀನ ಗ್ರೀಕರ ದೇವತೆಗಳೆಂದೊಡನೆ ಒಲಿಂಪಸ್ ಪರ್ವತವೂ ಸಿಡಿಲನ್ನು ಹಿಡಿದ ಜ್ಯೂಸನೂ ನೆನಪಾಗುವುದು ಸಹಜ. ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಸೆಳೆದಿರುವುದು 'ದೈಮೋನ್' ಎಂಬ ಅವರ ಒಂದು ಶಬ್ದ. ಅದು ನಮ್ಮ 'ದೈವ'ದಂತೆ ಕೇಳಿಸಿದರೂ ಮೂಲ ಬೇರೆ. ಹಂಚುವುದೆಂಬ ಅರ್ಥದ ಧಾತುವಿನಿಂದ ಅದು ಹುಟ್ಟಿತೆಂದು ವಿದ್ವಾಂಸರ ಮತ. ಮನುಷ್ಯನಿಗೆ ಅವನವನ ಪಾಲನ್ನು ಹಂಚಿಕೊಡುವ ಶಕ್ತಿಯೇ ದೈಮೋನ್.

ಹೋಮರನ ಇಲಿಯಡ್ ಕಾವ್ಯದಲ್ಲಿ ಒಲಿಂಪಸ್ಸಿನ ದೇವತೆಗಳನ್ನೇ ಈ ಹೆಸರಿನಿಂದ ಕರೆದುದುಂಟು. ಸುವರ್ಣಯುಗದ ಮಾನವರು ಮರಣಾನಂತರ ದೈಮೋನ್‌ಗಳಾಗಿ ಲೋಕವನ್ನು ಕಾಯುವರೆಂದು ಹೆಸಿಯಡ್ ಕವಿ ನಂಬಿದನು. ಕ್ರಿ.ಪೂ. 500ರ ಸುಮಾರಿನ ಹೆರಾಕ್ಲೀಟಸನಾದರೋ ಆ ಶಕ್ತಿಯನ್ನು ಮನುಷ್ಯನ ಶೀಲದಲ್ಲಿಯೇ ಕಂಡನು.

ಸಾಕ್ರಟೀಸನಿಗೆ ಬಾಲ್ಯದಿಂದಲೂ ಒಂದು ದೈವೀ ಧ್ವನಿ ಕೇಳಿಸುತ್ತಿತ್ತು. ಪ್ಲೇಟೋ ಬರೆದಿರುವಂತೆ, ಅದು ಎಂದೂ ಪ್ರೇರೇಪಿಸಲಿಲ್ಲ. ತಪ್ಪು ಹೆಜ್ಜೆಯಿಡಹೊರಟಾಗ ತಡೆಯಿತು, ಅಷ್ಟೆ. ಕ್ರಿ.ಪೂ. 399ರಲ್ಲಿ ಅವನನ್ನು ವಿಚಾರಣೆಗೆ ಗುರಿಪಡಿಸಿದಾಗ, ನಗರದ ದೇವತೆಗಳನ್ನು ಮನ್ನಿಸದೆ ಹೊಸ ದೈವಗಳನ್ನು ತಂದನೆಂಬುದೂ ಒಂದು ಆರೋಪವಾಗಿತ್ತು. ಆ ದಿನ ನ್ಯಾಯಸಭೆಗೆ ಹೊರಟವನನ್ನು ಆ ಧ್ವನಿ ತಡೆಯಲಿಲ್ಲ. ಆದುದರಿಂದ ತನಗೊದಗಿದ ಮರಣವು ಕೇಡಾಗಿರಲಾರದೆಂದು ಅವನು ತಿಳಿದನು. ಈ ಪ್ರಸಂಗವನ್ನು ಓದಿದಾಗಲೆಲ್ಲ ನಾನು ಪುಸ್ತಕವನ್ನು ಮಡಿಚಿಟ್ಟು ಕ್ಷಣಕಾಲ ಸುಮ್ಮನೆ ಕುಳಿತುಬಿಡುತ್ತೇನೆ.

ಅನಂತರ ದೈಮೋನ್‌ನ ಸ್ಥಾನ ಇಳಿಯತೊಡಗಿತು. ಪ್ಲೇಟೋ ತನ್ನ ಒಂದು ಸಂವಾದದಲ್ಲಿ ಅದನ್ನು ದೇವತೆಗಳಿಗೂ ಮಾನವರಿಗೂ ನಡುವಣ ದೂತನನ್ನಾಗಿ ಚಿತ್ರಿಸಿದನು. ಅವನ ಶಿಷ್ಯ ಕ್ಸೆನೋಕ್ರೇಟಿಸನು ದೈಮೋನ್‌ಗಳಲ್ಲಿ ಕೆಟ್ಟವೂ ಇವೆಯೆಂದನು. ಡೆಲ್ಫಿಯ ಅರ್ಚಕನಾಗಿದ್ದ ಪ್ಲುಟಾರ್ಕನ ಬರಹದಲ್ಲಿ ಕ್ರೂರ ಆಚರಣೆಗಳ ಹೊಣೆ ಇಂತಹ ಕೆಟ್ಟ ದೈಮೋನ್‌ಗಳ ಮೇಲೆ ಬಿದ್ದಿತು. ದೇವರನ್ನು ನಿಷ್ಕಳಂಕನೆಂದು ಭಾವಿಸುವ ಸದಾಶಯವೇ ಕಳಂಕವನ್ನೆಲ್ಲ ಈ ನಡುವಿನವರಿಗೆ ಹೊರಿಸಿತು. ಗ್ರೀಕ್ ಭಾಷೆಯಲ್ಲಿ ರಚಿತವಾದ ಹೊಸ ಒಡಂಬಡಿಕೆಯಲ್ಲಿ ಈ ಶಬ್ದಕುಲವು ದುಷ್ಟಶಕ್ತಿಗಳ ಹೆಸರಾಯಿತು. ಮುಂದೆ ಕ್ರೈಸ್ತ ಆಚಾರ್ಯರು ಹಳೆಯ ದೇವತೆಗಳನ್ನೇ ದುಷ್ಟಶಕ್ತಿಗಳೆಂದು ಸಾರಿದರು. ಇಂಗ್ಲಿಷಿನ 'ಡೀಮನ್' ಆ ಪತನದ ಕುರುಹು.

ಆದರೂ ಶಬ್ದದ ಹಳೆಯ ಪಾವಿತ್ರ್ಯ ಪೂರ್ಣವಾಗಿ ಅಳಿಯಲಿಲ್ಲ. ಅರಿಸ್ಟಾಟಲನು ಮಾನವಜೀವನದ ಪರಮಶ್ರೇಯಸ್ಸಿಗೆ ಬಳಸಿದ 'ಯೂದೈಮೋನಿಯಾ' ಎಂಬ ಮಾತಿನಲ್ಲಿ ಒಳ್ಳೆಯ ದೈಮೋನ್ ಇಂದಿಗೂ ಉಳಿದಿದೆ. ಆ ಶ್ರೇಯಸ್ಸು ಸದ್ಗುಣದ ನಡೆಯಲ್ಲಿದೆಯೆಂದು ಅವನ ನಿರ್ಣಯ.

ಒಂದು ಕಾಲದ ದೇವತೆ ಮತ್ತೊಂದು ಕಾಲಕ್ಕೆ ಪಿಶಾಚಿಯಾದುದನ್ನು ಕಂಡಾಗ, ಹೆಸರುಗಳಿಗಾಗಿ ಕಾದಾಡುವುದು ಎಷ್ಟು ವ್ಯರ್ಥವೆಂದು ನನಗೆ ತೋರುತ್ತದೆ. ತಪ್ಪಿಗೆ ಮುನ್ನ 'ಬೇಡ' ಎನ್ನುವ ಒಳದನಿಯನ್ನು ಯಾವ ಹೆಸರಿನಿಂದ ಕರೆದರೇನು? ಅದಕ್ಕೆ ಕಿವಿಗೊಡುವುದಷ್ಟೇ ನಮ್ಮ ಪಾಲಿಗೆ ಬಂದ ಕರ್ತವ್ಯ.