ಮಲಿನ ನೆಲಕ್ಕೂ ಒಂದು ಗಡುವು ಬೇಕು

ಬಾವಿಯ ನೀರು ರಾಡಿಯಾದರೆ ಹೂಳೆತ್ತಿ ತಿಳಿಗೊಳಿಸುವುದನ್ನು ಗುಂಡುಮಾಲ್, ಮಕ್ತಲ್, ಗದ್ವಾಲ್ ಸೀಮೆಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ನೀರಿಗೆ ಆರ್ಸೆನಿಕ್, ಸೀಸ, ಕ್ರೋಮಿಯಂ ಬೆರೆತರೆ ಆ ತಿಳಿವಳಿಕೆ ಸಾಲದು. ಇವು ಕಣ್ಣಿಗೆ ಕಾಣವು, ಕುದಿಸಿದರೂ ಹೋಗವು. ಮಳೆಯೊಡನೆ ನೆಲಕ್ಕಿಳಿದ ವಿಷವು, ಅದನ್ನು ಸುರಿದವರು ಊರು ಬಿಟ್ಟ ಮೇಲೂ ಅಲ್ಲಿಯೇ ಉಳಿಯುತ್ತದೆ.

ನಿದರ್ಶನ ತೆಲಂಗಾಣದಲ್ಲಿಯೇ ಇದೆ. ಹೈದರಾಬಾದಿನ ಬಳಿಯ ಪಟಾನ್‌ಚೆರು, ಬೊಲ್ಲಾರಂ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವು ನಕ್ಕವಾಗು ಹಳ್ಳವನ್ನು ಸೇರಿ, ಅದರ ದಂಡೆಯ ಹೊಲಗಳನ್ನೂ ಬಾವಿಗಳನ್ನೂ ಕೆಡಿಸಿತು. ಈ ಹಳ್ಳ ಕೂಡುವುದು ಮಂಜೀರಾ ನದಿಯನ್ನು. 1990ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಆ ವ್ಯಾಜ್ಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತೀರ್ಪು ಬಂದದ್ದು 2017ರಲ್ಲಿ. ದೂರು ಕೊಟ್ಟ ತಲೆಮಾರು ಅಷ್ಟರಲ್ಲಿ ಮುಪ್ಪಾಗಿತ್ತು. ಭೋಪಾಲದ ಕಥೆ ಇದಕ್ಕಿಂತ ದೀರ್ಘ. 1984ರ ಅನಿಲ ದುರಂತದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ.

ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸರಕಾರವು ಮಲಿನಗೊಂಡ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಶಂಕಿತ ತಾಣಗಳ ವರದಿಯನ್ನು ಜಿಲ್ಲಾಡಳಿತವು ಆರು ತಿಂಗಳಿಗೊಮ್ಮೆ ಸಿದ್ಧಪಡಿಸಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾಥಮಿಕ ಪರೀಕ್ಷೆ 90 ದಿನಗಳಲ್ಲಿ ಮುಗಿಯಬೇಕು. ಹೊಣೆಗಾರರನ್ನು ಗುರುತಿಸಿ ಶುದ್ಧೀಕರಣದ ವೆಚ್ಚವನ್ನು ಅವರಿಂದಲೇ ಭರಿಸಬೇಕು. ಇವೆಲ್ಲ ಸ್ವಾಗತಾರ್ಹ. ಆದರೆ ಪರೀಕ್ಷೆಗೆ ಗಡುವಿಟ್ಟ ನಿಯಮವು ಶುದ್ಧೀಕರಣ ಮುಗಿಯುವುದಕ್ಕೆ ಗಡುವನ್ನು ವಿಧಿಸಿಲ್ಲ. ನಿಯಮ ಬಂದ ಹೊತ್ತಿಗೆ ದೇಶದಲ್ಲಿ ಗುರುತಿಸಲಾಗಿದ್ದ ಮಲಿನ ತಾಣಗಳು 103. ಕೆಲಸ ಆರಂಭವಾಗಿದ್ದುದು 7ರಲ್ಲಿ ಮಾತ್ರ. ರೋಗವನ್ನು ಹೆಸರಿಸಿದ ಮಾತ್ರಕ್ಕೆ ರೋಗಿ ಗುಣವಾಗುವುದಿಲ್ಲ. ಪ್ರತಿಯೊಂದು ತಾಣಕ್ಕೂ ಮುಕ್ತಾಯದ ದಿನಾಂಕ ನಿಗದಿಯಾಗಬೇಕು. ಅದು ತಪ್ಪಿದರೆ ಉತ್ತರ ಹೇಳಬೇಕಾದ ಅಧಿಕಾರಿ ಯಾರೆಂಬುದೂ ಜನರಿಗೆ ತಿಳಿದಿರಬೇಕು.

ಇನ್ನೊಂದು ಬೇಡಿಕೆ ಗಡಿಯ ಜನರದು. ಮಲಿನ ತಾಣದ ಎಚ್ಚರಿಕೆಯ ಫಲಕವಾಗಲಿ, ನೀರಿನ ಪರೀಕ್ಷೆಯ ವರದಿಯಾಗಲಿ ಓದಲು ಬಾರದ ಭಾಷೆಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ತೆಲುಗಿನೊಡನೆ ಕನ್ನಡದಲ್ಲಿಯೂ ಅದನ್ನು ಬರೆಯುವುದು ಗಡಿನಾಡಿನಲ್ಲಿ ಭಾಷಾಭಿಮಾನದ ಮಾತಲ್ಲ, ಪ್ರಾಣರಕ್ಷಣೆಯ ಮಾತು. ಕನ್ನಡ ಶಾಲೆಯಲ್ಲಿ ಆಮ್ಲ, ಕ್ಷಾರ, ಲೋಹಗಳ ಪಾಠ ಓದಿದ ಮಗು ಆ ವರದಿಯನ್ನು ಮನೆಯ ಹಿರಿಯರಿಗೆ ಓದಿ ಹೇಳಬಲ್ಲದು. ಆರು ತಿಂಗಳಿಗೊಮ್ಮೆ ಜಿಲ್ಲೆಯ ವರದಿಯಲ್ಲಿ ಏನಿದೆಯೆಂದು ಗ್ರಾಮಸಭೆಯಲ್ಲಿ ಕೇಳುವ ಧೈರ್ಯವು ಅಂಥ ಓದಿನಿಂದಲೇ ಹುಟ್ಟುತ್ತದೆ.